ನುಡಿಸುವ ಯಂತ್ರಕ್ಕೆ ನಮ್ಮ ನುಡಿ

ಹಿಂದಿನ ಕಾಲದಲ್ಲಿ ಒಂದು ಮನೆಯ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಕೀಲಿಕೈಗಳ ಗೊಂಚಲು ಯಾರ ಸೊಂಟದಲ್ಲಿ ತೂಗುತ್ತಿದೆಯೆಂಬುದನ್ನು ನೋಡಿದರೆ ಸಾಕಾಗುತ್ತಿತ್ತು. ಇಂದು ಆ ಗೊಂಚಲಿನ ಸ್ಥಾನಕ್ಕೆ ರಿಮೋಟು ಬಂದಿದೆ. ಟೀವಿಯಾಗಲಿ ಸಂಗೀತವಾಗಲಿ, ಅದನ್ನು ಕುಳಿತಲ್ಲಿಂದಲೇ ನಡೆಸುವ ಗುಂಡಿಗಳು ಯಾರ ಕೈಯಲ್ಲಿವೆಯೋ ಅವರ ಇಷ್ಟದಂತೆ ಮನೆಯ ಸಂಜೆ ಕಳೆಯುತ್ತದೆ. ಆದರೆ ಆ ಗುಂಡಿಗಳ ಮೇಲೆ ಏನು ಬರೆದಿರಬೇಕು, ಯಾವ ಗುಂಡಿ ಇರಬೇಕು, ಯಾವುದು ಇರಬಾರದು ಎಂಬುದನ್ನು ನಿಶ್ಚಯಿಸಿದವರು ಯಾರು? ಅವರು ನಮ್ಮ ಮನೆಯವರಲ್ಲ. ನಮ್ಮ ಮನೆಯ ಮಾತು ಅವರ ಕಿವಿಗೆ ಬಿದ್ದದ್ದೂ ಇಲ್ಲ. ಬೆರಳು ನಮ್ಮದು, ಗುಂಡಿ ಪರರದು ಎಂಬಂತಾಗಿದೆ.

ವಿದ್ಯಾರ್ಥಿಮಿತ್ರರೇ, ಈ ಸ್ಥಿತಿಯನ್ನು ಬದಲಿಸುವುದು ನಿಮ್ಮ ಶಕ್ತಿಗೆ ಮೀರಿದ ಕಾರ್ಯವಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಮನೆಯ ಗಣಕಯಂತ್ರದಲ್ಲಿ ಸಂಗೀತವನ್ನು ನುಡಿಸುವ ತಂತ್ರಾಂಶವೊಂದನ್ನು ಇರಿಸಿ, ಅದನ್ನು ಇನ್ನೊಂದು ಕೋಣೆಯಿಂದ ನಡೆಸುವ ರಿಮೋಟನ್ನು ನೀವೇ ಕಟ್ಟಬೇಕು. ಕಟ್ಟುವಾಗ ಅದನ್ನು ಕನ್ನಡದಲ್ಲಿ ಕಟ್ಟಬೇಕು. ಅಂಗಡಿಯಲ್ಲಿ ಸಿಕ್ಕುವುದನ್ನು ಮನೆಯಲ್ಲಿ ಏಕೆ ಮಾಡಬೇಕೆಂದು ಕೇಳುವವರು ಉಂಟು. ಅವರಿಗೆ ಉತ್ತರವನ್ನು ಮುಂದೆ ಹೇಳೋಣ. ಮೊದಲು ವಸ್ತುವಿನ ಸ್ವರೂಪವನ್ನು ನೋಡುವುದು ಯುಕ್ತ.

ದೂರದಿಂದ ಯಂತ್ರವನ್ನು ಆಳುವ ಆಸೆ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ಮೇಲೆ ಒಂದು ಚಿಕ್ಕ ದೋಣಿಯನ್ನು ತೇಲಿಬಿಟ್ಟು, ತಂತಿಯಿಲ್ಲದೆ, ರೇಡಿಯೋ ಅಲೆಗಳಿಂದ ಅದನ್ನು ತಿರುಗಿಸಿ ತೋರಿಸಿದನು. ಮನೆಯೊಳಕ್ಕೆ ಈ ವಿದ್ಯೆ ಕಾಲಿಟ್ಟುದು ಅರ್ಧ ಶತಮಾನ ಕಳೆದ ಮೇಲೆ. ಅಮೆರಿಕದ ಜೆನಿತ್ ಕಂಪನಿಯು 1950ರಲ್ಲಿ ಹೊರತಂದ ರಿಮೋಟಿಗೆ ‘ಲೇಜಿ ಬೋನ್ಸ್’ ಎಂದು, ಎಂದರೆ ಮೈಗಳ್ಳನೆಂದು, ಹೆಸರಿಟ್ಟಿದ್ದರು. ಅದು ಉದ್ದನೆಯ ಕೇಬಲ್ಲಿನಿಂದ ಟೀವಿಗೆ ಕಟ್ಟಿಹಾಕಿದ್ದಿತು; ನಡೆಯುವವರ ಕಾಲಿಗೆ ತೊಡರುತ್ತಿತ್ತು. 1955ರಲ್ಲಿ ಯುಜೀನ್ ಪಾಲಿ ಎಂಬವನು ಬೆಳಕಿನ ಕಿರಣದಿಂದ ನಡೆಯುವ ರಿಮೋಟನ್ನು ರಚಿಸಿದನು. ಕೋಣೆಯೊಳಕ್ಕೆ ಬಿಸಿಲು ಬಿದ್ದರೆ ಅದೂ ಟೀವಿಗೆ ಅಪ್ಪಣೆಯಂತೆ ತೋರುತ್ತಿತ್ತು! 1956ರಲ್ಲಿ ರಾಬರ್ಟ್ ಆಡ್ಲರ್ ರಚಿಸಿದ ಸಾಧನದಲ್ಲಿ ನಾಲ್ಕು ಅಲ್ಯೂಮಿನಿಯಂ ಸರಳುಗಳಿದ್ದವು. ಗುಂಡಿಯನ್ನು ಒತ್ತಿದರೆ ಚಿಕ್ಕ ಸುತ್ತಿಗೆಯೊಂದು ಸರಳನ್ನು ಬಡಿಯುವುದು. ಮನುಷ್ಯರ ಕಿವಿಗೆ ಕೇಳಿಸದಷ್ಟು ಉಚ್ಚವಾದ ಆ ನಾದವನ್ನು ಟೀವಿ ಕೇಳಿಸಿಕೊಳ್ಳುವುದು. ಅದಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಅನಂತರ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣಗಳ ರಿಮೋಟುಗಳು ಬಂದು ಮನೆಮನೆಗೂ ಹರಡಿದವು.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವನ್ನು ಗಮನಿಸಿರಿ. ಅವು ಹೇಳಬಲ್ಲವು, ಕೇಳಲಾರವು. ‘ದನಿಯನ್ನು ಏರಿಸು’ ಎಂದು ಅಪ್ಪಣೆ ಮಾಡುವುವೇ ಹೊರತು, ದನಿ ಏರಿತೋ ಇಲ್ಲವೋ ಎಂಬುದು ಅವಕ್ಕೆ ತಿಳಿಯದು. ಉತ್ತರಕ್ಕೆ ಕಿವಿಗೊಡದೆ ಆಜ್ಞೆ ಮಾಡುವ ಅಧಿಕಾರಿಯಂತೆ ಅವುಗಳ ವರ್ತನೆ. ಇಂದು ಮನೆಯೊಳಗಿನ ವೈಫೈ ಜಾಲದಲ್ಲಿ ನಾವು ಕಟ್ಟಬಹುದಾದ ರಿಮೋಟಿಗೆ ಹೇಳುವ ಬಾಯಿಯೂ ಉಂಟು, ಕೇಳುವ ಕಿವಿಯೂ ಉಂಟು. ಇದೊಂದು ವ್ಯತ್ಯಾಸದಿಂದಲೇ ಅದು ಆಟದ ಸಾಮಾನಿನ ಮಟ್ಟದಿಂದ ಮೇಲೇರಿ, ಕಲಿಯತಕ್ಕ ವಿದ್ಯೆಯಾಗಿ ಪರಿಣಮಿಸುತ್ತದೆ.

ಉದಾಹರಣೆಗೆ ಒಂದು ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಮ್ಯೂಸಿಕ್ ಪ್ಲೇಯರ್ ಡೀಮನ್ ಎಂದು ಅದರ ಹೆಸರು. ಎಂಪಿಡಿ ಎಂದು ಸಂಕ್ಷೇಪಿಸುತ್ತಾರೆ. 2003ರಿಂದ ಬಳಕೆಯಲ್ಲಿರುವ ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಇದಕ್ಕೆ ಸ್ವಂತದ ಮುಖವಿಲ್ಲ. ಕಿಟಕಿಯನ್ನಾಗಲಿ ಗುಂಡಿಯನ್ನಾಗಲಿ ತೋರಿಸದೆ, ತೆರೆಯ ಹಿಂದೆ ಕುಳಿತ ಭಾಗವತನಂತೆ ಸಂಗೀತವನ್ನಷ್ಟೇ ನಡೆಸುತ್ತದೆ. ಅದಕ್ಕೆ ಏನಾದರೂ ಹೇಳಬೇಕಾದರೆ ಜಾಲದ ಮೂಲಕ 6600ನೆಯ ಬಾಗಿಲನ್ನು ತಟ್ಟಬೇಕು. ತಟ್ಟಿದೊಡನೆ ‘ಓಕೆ ಎಂಪಿಡಿ’ ಎಂದು ಅದು ಓಗೊಡುತ್ತದೆ. ‘ಪ್ಲೇ’ ಎಂದರೆ ನುಡಿಸುತ್ತದೆ, ‘ನೆಕ್ಸ್ಟ್’ ಎಂದರೆ ಮುಂದಿನ ಹಾಡಿಗೆ ಹೋಗುತ್ತದೆ. ‘ಸ್ಟೇಟಸ್’ ಎಂದು ಕೇಳಿದರೆ ತಾನು ನುಡಿಸುತ್ತಿದ್ದೇನೆಯೇ, ತಡೆದು ನಿಂತಿದ್ದೇನೆಯೇ, ಹಾಡಿನ ಎಷ್ಟನೆಯ ಕ್ಷಣದಲ್ಲಿದ್ದೇನೆ, ದನಿಯ ಮಟ್ಟವೆಷ್ಟು ಎಂಬ ವರದಿಯನ್ನು ಸಾಲುಸಾಲಾಗಿ ಒಪ್ಪಿಸುತ್ತದೆ. ಹೇಳಿದ ಕೆಲಸ ನೆರವೇರಿದರೆ ‘ಓಕೆ’ ಎನ್ನುತ್ತದೆ. ತಪ್ಪಿದರೆ ‘ಆ್ಯಕ್’ ಎಂದು ಆರಂಭಿಸಿ ತಪ್ಪೇನೆಂದು ತಿಳಿಸುತ್ತದೆ. ಈ ಸಂಭಾಷಣೆ ಪೂರ್ತಿಯಾಗಿ ಓದಲು ಬರುವ ಅಕ್ಷರಗಳಲ್ಲಿಯೇ ನಡೆಯುವುದರಿಂದ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಅದನ್ನು ಕಣ್ಣಾರೆ ಕಂಡು ಕಲಿಯಬಹುದು.

ಇಲ್ಲೊಂದು ಲೆಕ್ಕ ಸ್ವಾರಸ್ಯವಾಗಿದೆ. ಸಿಡಿಯಲ್ಲಿರುವ ಸಂಗೀತವು ಒಂದು ಸೆಕೆಂಡಿಗೆ 44,100 ಮಾದರಿಗಳಂತೆ, ಮಾದರಿಯೊಂದಕ್ಕೆ 16 ಬಿಟ್ಟುಗಳಂತೆ, ಎಡಬಲ ಎರಡು ಧಾರೆಗಳಾಗಿ ದಾಖಲಾಗಿರುತ್ತದೆ. ಗುಣಿಸಿ ನೋಡಿದರೆ ಸೆಕೆಂಡಿಗೆ 14,11,200 ಬಿಟ್ಟುಗಳು, ಅಂದರೆ 1,76,400 ಬೈಟುಗಳು. ಅದನ್ನು ತಡೆದು ನಿಲ್ಲಿಸುವ ‘ಪಾಸ್ 1’ ಎಂಬ ಆಜ್ಞೆಯೋ, ಸಾಲಿನ ಕೊನೆಯ ಗುರುತೂ ಸೇರಿದಂತೆ ಕೇವಲ 8 ಬೈಟು! ರಿಮೋಟಿನ ಮೂಲಕ ಹರಿಯುವುದು ಸಂಗೀತವಲ್ಲ, ಸಂಗೀತದ ಕುರಿತ ಮಾತು ಮಾತ್ರ. ಆದುದರಿಂದಲೇ ಹಳೆಯ, ನಿಧಾನವಾದ ಮೊಬೈಲು ಕೂಡ ಒಳ್ಳೆಯ ರಿಮೋಟಾಗಬಲ್ಲದು.

ಈ ಕ್ರಮವನ್ನು ಇಂದು ಬಹಳ ಮನೆಗಳಲ್ಲಿ ಕಾಣುವ ಬ್ಲೂಟೂತ್ ಸ್ಪೀಕರಿನ ಕ್ರಮದೊಡನೆ ಹೋಲಿಸಿರಿ. ಅಲ್ಲಿ ಹಾಡು ಮೊಬೈಲಿನ ಮೂಲಕವೇ ಸ್ಪೀಕರಿಗೆ ಹೋಗುತ್ತದೆ. ಕರೆ ಬಂದರೆ ಹಾಡಿಗೆ ಭಂಗ; ಮೊಬೈಲಿನ ಒಡೆಯನು ಕೆಲಸಕ್ಕೆ ಹೊರಟನೆಂದರೆ ಸಂಗೀತವೂ ಅವನ ಹಿಂದೆಯೇ ಹೊರಟಿತು. ಮಧ್ಯಾಹ್ನ ಒಬ್ಬರೇ ಕುಳಿತ ಅಜ್ಜಿಗೆ ದಾಸರ ಪದ ಕೇಳಬೇಕೆನಿಸಿದರೆ ಸಂಜೆಯವರೆಗೆ ಕಾಯಬೇಕು. ನಾವು ಹೇಳುವ ಕ್ರಮದಲ್ಲಿ ಸಂಗೀತವು ಮನೆಗೆ ಸೇರಿದುದು; ಮೊಬೈಲುಗಳು ಬರುತ್ತವೆ, ಹೋಗುತ್ತವೆ. ಬಾವಿ ಅಂಗಳದಲ್ಲಿಯೇ ಇದ್ದು, ಕೊಡಗಳು ಮಾತ್ರ ಹೋಗಿಬಂದು ಮಾಡಿದಂತೆ. ಒಬ್ಬರ ಸೊತ್ತಾಗಿರುವ ಸಂಗೀತ ಮತ್ತು ಮನೆಯವರೆಲ್ಲರ ಸೊತ್ತಾಗಿರುವ ಸಂಗೀತ, ಇವೆರಡರ ನಡುವಣ ಅಂತರ ಸಣ್ಣದಲ್ಲವೆಂದು ನಮ್ಮ ಭಾವನೆ.

ಕಟ್ಟಲು ಬೇಕಾದ ಸಾಮಗ್ರಿ ಅಲ್ಪ. ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರು ಸಾಕು. ಅದಿಲ್ಲದವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರವನ್ನು ಶಾಲೆಯ ವತಿಯಿಂದ ತರಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಅದನ್ನು ಮಕ್ಕಳು ಗಣಕವಿದ್ಯೆಯನ್ನು ಕೈಯಿಂದ ಮಾಡಿ ಕಲಿಯಲೆಂಬ ಉದ್ದೇಶದಿಂದಲೇ ರಚಿಸಿದರು. ಅದರ ಮೇಲೆ ಎಂಪಿಡಿಯನ್ನು ನೆಲೆಗೊಳಿಸಿ, ಸ್ಪೀಕರನ್ನು ಜೋಡಿಸಿ, ಹಾಡುಗಳ ಕಡತಗಳನ್ನು ತುಂಬಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವೇ ನಿಮ್ಮದು. ಮೊಬೈಲಿನ ಬ್ರೌಸರಿನಲ್ಲಿ ತೆರೆಯುವ ಪುಟವು ನೇರವಾಗಿ 6600ನೆಯ ಬಾಗಿಲಿಗೆ ಹೋಗಿ ಮಾತನಾಡಲಾರದು. ಬ್ರೌಸರಿನ ಕಟ್ಟಳೆ ಅದಕ್ಕೆ ಎಡೆಗೊಡದು. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕು. ಪುಟದಿಂದ ಬಂದ ಬೇಡಿಕೆಯನ್ನು ಎಂಪಿಡಿಯ ಮಾತಿಗೆ ತಿರುಗಿಸಿ, ಅದರ ಉತ್ತರವನ್ನು ಪುಟಕ್ಕೆ ಮರಳಿಸುವ ಈ ದುಭಾಷಿಯನ್ನು ಪೈಥಾನ್ ಭಾಷೆಯಲ್ಲಿ ನೂರಿನ್ನೂರು ಸಾಲುಗಳಲ್ಲಿ ಬರೆಯಬಹುದು.

ಹೀಗೆ ಬರೆಯುವಾಗ ಕೆಲವು ಧರ್ಮಗಳನ್ನು ಪಾಲಿಸಬೇಕಾಗುತ್ತದೆ. ಅವು ಯಂತ್ರದ ಧರ್ಮಗಳೆಂದು ಮೇಲುನೋಟಕ್ಕೆ ತೋರಿದರೂ ನಿಜವಾಗಿ ಮನುಷ್ಯರು ಕೂಡಿ ಬಾಳುವ ಧರ್ಮಗಳೇ ಆಗಿವೆ.

ಮೊದಲನೆಯದು ಸತ್ಯ. ಗುಂಡಿ ಒತ್ತಿದ ಕೂಡಲೇ ಪುಟದ ಮೇಲೆ ‘ನುಡಿಯುತ್ತಿದೆ’ ಎಂದು ತೋರಿಸುವುದು ಸುಲಭ. ಆದರೆ ಅಪ್ಪಣೆ ತಲಪಿತೇ, ಕೆಲಸ ನಡೆಯಿತೇ ಎಂದು ತಿಳಿಯುವ ಮೊದಲೇ ಹಾಗೆ ತೋರಿಸುವುದು ಸುಳ್ಳು ವರದಿ. ಯಂತ್ರದಿಂದ ಉತ್ತರ ಬಂದ ಮೇಲೆಯೇ ಪುಟವು ಬದಲಾಗಬೇಕು. ಇದಕ್ಕಾಗಿ ಎಂಪಿಡಿಯಲ್ಲಿ ‘ಐಡಲ್’ ಎಂಬ ಚೆಲುವಾದ ಏರ್ಪಾಡಿದೆ. ಕ್ಷಣಕ್ಷಣಕ್ಕೂ ‘ಏನಾಯಿತು, ಏನಾಯಿತು’ ಎಂದು ಪೀಡಿಸುವ ಬದಲು, ‘ಏನಾದರೂ ಬದಲಾದಾಗ ತಿಳಿಸು’ ಎಂದು ಹೇಳಿ ಸುಮ್ಮನೆ ಕಾದಿರಬಹುದು. ಹಾಡು ಬದಲಾದರೆ, ದನಿ ಏರಿದರೆ, ಪಟ್ಟಿಗೆ ಹೊಸತು ಸೇರಿದರೆ ಅದೇ ಕರೆದು ಹೇಳುತ್ತದೆ. ಅಡುಗೆಮನೆಯಲ್ಲಿ ಅಮ್ಮ ದನಿಯನ್ನು ತಗ್ಗಿಸಿದರೆ ಜಗಲಿಯಲ್ಲಿರುವ ಅಣ್ಣನ ಮೊಬೈಲಿನಲ್ಲಿಯೂ ಆ ಗುರುತು ತಾನಾಗಿ ಕೆಳಗಿಳಿಯುತ್ತದೆ.

ಎರಡನೆಯದು ಸ್ಪಷ್ಟತೆ. ‘ಪಾಸ್’ ಎಂಬ ಆಜ್ಞೆಯನ್ನು ಬರಿದೆ ಹೇಳಿದರೆ ನುಡಿಯುತ್ತಿರುವುದು ನಿಲ್ಲುತ್ತದೆ, ನಿಂತಿರುವುದು ನುಡಿಯುತ್ತದೆ. ಒಬ್ಬನೇ ಇರುವ ಮನೆಗೆ ಇಷ್ಟು ಸಾಕು. ಆದರೆ ಬಾಗಿಲಲ್ಲಿ ಅತಿಥಿಗಳು ಬಂದರೆಂದು ಅಕ್ಕನೂ ತಮ್ಮನೂ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆನ್ನಿ. ಅಕ್ಕನ ಅಪ್ಪಣೆಗೆ ಹಾಡು ನಿಂತಿತು, ತಮ್ಮನ ಅಪ್ಪಣೆಗೆ ಮತ್ತೆ ಹೊರಟಿತು! ಇಬ್ಬರ ಇಚ್ಛೆಯೂ ಒಂದೇ ಆಗಿದ್ದು ಫಲ ಮಾತ್ರ ವಿಪರೀತವಾಯಿತು. ‘ಪಾಸ್ 1’ ಎಂದರೆ ನಿಲ್ಲು, ‘ಪಾಸ್ 0’ ಎಂದರೆ ಮುಂದುವರಿ ಎಂದು ಖಚಿತವಾಗಿ ಹೇಳುವ ದಾರಿಯೂ ಇದೆ. ಹಾಗೆ ಹೇಳಿದರೆ ಹತ್ತು ಜನ ಒತ್ತಿದರೂ ನಿಂತದ್ದು ನಿಂತೇ ಇರುತ್ತದೆ. ‘ಈಗಿರುವುದನ್ನು ಬದಲಿಸು’ ಎಂಬುದಕ್ಕಿಂತ ‘ಹೀಗಾಗಲಿ’ ಎಂಬ ಮಾತೇ ಸಮೂಹಕ್ಕೆ ಹಿತವಾದುದು.

ಮೂರನೆಯದು ಪರರ ಹಕ್ಕಿನ ಗೌರವ. ಹಾಡುಗಳ ಸರದಿಯಲ್ಲಿ ‘ಐದನೆಯದನ್ನು ತೆಗೆ’ ಎಂದು ನೀವು ಹೇಳುವ ಮುನ್ನ ಇನ್ನೊಬ್ಬರು ಎರಡನೆಯದನ್ನು ತೆಗೆದುಬಿಟ್ಟಿದ್ದರೆ ಐದನೆಯ ಸ್ಥಾನಕ್ಕೆ ಬೇರೆ ಹಾಡು ಬಂದಿರುತ್ತದೆ; ನೀವು ಅಳಿಸುವುದು ಅಜ್ಜನು ಆಸೆಪಟ್ಟು ಸೇರಿಸಿದ ಹಾಡಾಗಿರಬಹುದು. ತರಗತಿಯಲ್ಲಿ ‘ಬೆಂಚಿನ ಐದನೆಯ ಹುಡುಗ ಏಳಲಿ’ ಎನ್ನುವುದಕ್ಕೂ ಹಾಜರಿ ಪುಸ್ತಕದ ಸಂಖ್ಯೆಯನ್ನು ಹೇಳಿ ಕರೆಯುವುದಕ್ಕೂ ಇರುವ ಭೇದವೇ ಇದು. ಎಂಪಿಡಿಯು ಸರದಿಗೆ ಸೇರಿದ ಪ್ರತಿಯೊಂದು ಹಾಡಿಗೂ ಸ್ಥಾನ ಬದಲಾದರೂ ಬದಲಾಗದ ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ರಿಮೋಟನ್ನು ಕಟ್ಟುವವನು ಸ್ಥಾನವನ್ನು ಬಿಟ್ಟು ಈ ಗುರುತನ್ನೇ ಹಿಡಿಯತಕ್ಕುದು.

ನಾಲ್ಕನೆಯದು ಸಂಯಮ. ದನಿಯ ಮಟ್ಟವು ಎಂಪಿಡಿಯಲ್ಲಿ 0ಯಿಂದ 100ರವರೆಗೆ ಇರುತ್ತದೆ. ಆದರೆ ಗೋಡೆಗೆ ಗೋಡೆ ತಾಗಿದ ನಗರದ ಮನೆಗಳಲ್ಲಿ ನೂರರವರೆಗೆ ಹೋಗುವ ಹಕ್ಕು ಯಾರಿಗಿದೆ? 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್‌ಗಳ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ಕೊಂಡುತಂದ ಸಾಧನದಲ್ಲಿ ಮಿತಿಯನ್ನು ಅದನ್ನು ಮಾಡಿದವನು ನಿಶ್ಚಯಿಸುತ್ತಾನೆ. ನಾವೇ ಕಟ್ಟಿದ ರಿಮೋಟಿನಲ್ಲಿ ಹತ್ತು ಗಂಟೆಯಾದೊಡನೆ ದನಿಯ ಮೇಲ್ಮಿತಿ ತಾನಾಗಿ ತಗ್ಗುವಂತೆ ನಾವೇ ಕಟ್ಟಳೆ ಮಾಡಿಕೊಳ್ಳಬಹುದು. ಪಕ್ಕದ ಮನೆಯ ಮಗುವಿನ ನಿದ್ದೆಯ ಬಗೆಗೆ ಆಲೋಚಿಸಿ ಬರೆದ ಎರಡು ಸಾಲುಗಳು ಆ ಪುಟದ ಅತ್ಯಂತ ಸುಂದರವಾದ ಸಾಲುಗಳಾಗುವುವು.

ಐದನೆಯದು ಎಚ್ಚರಿಕೆ. ಎಂಪಿಡಿಗೆ ಗುಪ್ತಪದವನ್ನು ಇರಿಸಬಹುದಾದರೂ ಅದು ಜಾಲದಲ್ಲಿ ಮುಚ್ಚುಮರೆಯಿಲ್ಲದೆ ಹಾಗೆಯೇ ಹೋಗುತ್ತದೆ. ಆದುದರಿಂದ ಅದರ ಬಾಗಿಲನ್ನು ಮನೆಯ ಜಾಲದೊಳಗೆ ಮಾತ್ರ ತೆರೆಯಬೇಕು. ಹೊರಗಿನ ಇಂಟರ್ನೆಟ್ಟಿಗೆ ಎಂದಿಗೂ ತೆರೆಯಕೂಡದು. ದುಭಾಷಿಯಾದ ನಿಮ್ಮ ತಂತ್ರಾಂಶವೂ ಪುಟದಿಂದ ಬಂದ ಮಾತನ್ನು ಪರೀಕ್ಷಿಸದೆ ಒಳಗೆ ದಾಟಿಸಬಾರದು. ಅನುಮತಿ ಪಡೆದ ಹತ್ತಾರು ಅಪ್ಪಣೆಗಳ ಒಂದು ಪಟ್ಟಿಯನ್ನು ಮಾಡಿಟ್ಟು, ಅದರಲ್ಲಿಲ್ಲದುದನ್ನು ಹೊಸ್ತಿಲಲ್ಲಿಯೇ ತಡೆಯಬೇಕು.

ಇನ್ನು ನಮ್ಮ ವಾದದ ಹೃದಯಕ್ಕೆ ಬರೋಣ. ಗುಂಡಿಗಳ ಮೇಲೆ ಯಾವ ಮಾತನ್ನು ಬರೆಯಬೇಕು? ‘ಪ್ಲೇ’ ಎಂಬುದನ್ನು ನಿಘಂಟಿನಲ್ಲಿ ಹುಡುಕಿ ‘ಆಡು’ ಎಂದು ಬರೆದರೆ ನಗೆಪಾಟಲಾದೀತು. ವೀಣೆಗಾದರೆ ‘ನುಡಿಸು’ ಎಂಬುದು ಒಪ್ಪುವುದು; ಗಾಯನಕ್ಕೆ ‘ಹಾಡಿಸು’ ಎನ್ನಬೇಕೆ? ಧಾರವಾಡದ ಕಡೆಯ ಮನೆಯಲ್ಲಿ ‘ರೇಡಿಯೋ ಹಚ್ಚು’ ಎನ್ನುತ್ತಾರೆ. ಮೈಸೂರಿನ ಕಡೆ ‘ರೇಡಿಯೋ ಹಾಕು’ ಎನ್ನುತ್ತಾರೆ. ನಿಂತು ಮತ್ತೆ ಮುಂದುವರಿಯುವುದಕ್ಕೂ ಪೂರ್ತಿಯಾಗಿ ಮುಗಿಸುವುದಕ್ಕೂ ಬೇರೆ ಬೇರೆ ಮಾತು ಬೇಕು: ಮೊದಲನೆಯದಕ್ಕೆ ‘ತಡೆ’, ಎರಡನೆಯದಕ್ಕೆ ‘ನಿಲ್ಲಿಸು’ ಎಂದರೆ ಹೇಗೆ? ‘ವಾಲ್ಯೂಮ್’ ಎಂಬುದಕ್ಕೆ ‘ದನಿ’ ಎಂಬ ಎರಡಕ್ಷರದ ಮಾತಿರುವಾಗ ಕಷ್ಟದ ಸಂಸ್ಕೃತ ಸಮಾಸ ಏತಕ್ಕೆ? ಮುಂಬಯಿ, ಪುಣೆಗಳಂತಹ ನಗರಗಳ ಕನ್ನಡ ಶಾಲೆಯಲ್ಲಿ ಕರಾವಳಿಯ ಹುಡುಗಿ, ವಿಜಯಪುರದ ಹುಡುಗ, ಹಾಸನದ ಹುಡುಗ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಈ ಪ್ರಶ್ನೆಗಳನ್ನು ಚರ್ಚಿಸಲು ಇದಕ್ಕಿಂತ ಉತ್ತಮವಾದ ಸಭೆ ಕರ್ನಾಟಕದಲ್ಲಿಯೂ ಸುಲಭವಾಗಿ ದೊರೆಯದು. ಭಾಷೆಗೆ ಹೊಸ ಮಾತು ಹುಟ್ಟುವುದು ಸಮಿತಿಗಳ ಕೋಣೆಯಲ್ಲಿ ಮಾತ್ರವಲ್ಲ. ಕೆಲಸ ಮಾಡುವವರ ಕೈಗೆ ಒಂದು ಮಾತು ಬೇಕಾದಾಗ ಅದು ಅಲ್ಲಿಯೇ ಹುಟ್ಟುತ್ತದೆ.

ಗುಂಡಿಗಿಂತಲೂ ಆಳವಾದ ಇನ್ನೊಂದು ಸಂಗತಿಯಿದೆ. ಹಾಡಿನ ಕಡತದೊಳಗೆ ಹಾಡಿನ ಹೆಸರು, ಹಾಡಿದವರ ಹೆಸರು ಮೊದಲಾದ ವಿವರಗಳನ್ನು ಬರೆದಿಡುವ ಏರ್ಪಾಡು ಇರುತ್ತದೆ. ಎಂಪಿ3 ಕಡತಗಳಿಗಾಗಿ 1996ರಲ್ಲಿ ಹುಟ್ಟಿದ ಐಡಿ3 ಎಂಬ ಮೊದಲ ಏರ್ಪಾಡಿನಲ್ಲಿ ಹಾಡುಗಾರನ ಹೆಸರಿಗೆ ಇಟ್ಟ ಸ್ಥಳ 30 ಬೈಟು. ಇಂಗ್ಲಿಷಿನ ಮೂವತ್ತು ಅಕ್ಷರಗಳಿಗೆ ಅದು ಸಾಕು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ‘ಮಲ್ಲಿಕಾರ್ಜುನ’ ಎಂಬ ಹೆಸರಿನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಗಳೆಲ್ಲ ಸೇರಿ 12 ಸಂಕೇತಗಳು. ಅದಕ್ಕೆ 36 ಬೈಟು ಬೇಕಾಯಿತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಮೊದಲ ಅರ್ಧವೇ ಆ ಗೂಡಿನಲ್ಲಿ ಹಿಡಿಸದು! ಆಮೇಲಿನ ಆವೃತ್ತಿಗಳಲ್ಲಿ ಈ ಇಕ್ಕಟ್ಟು ನಿವಾರಣೆಯಾಯಿತು. ಆದರೆ ಪಾಠ ಉಳಿಯಿತು. ಗೂಡನ್ನು ಕಟ್ಟಿದವರಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ಕಟ್ಟುವಾಗ ನಮ್ಮವರು ಅವರ ಬಳಿ ಇರಲಿಲ್ಲ, ಅಷ್ಟೆ. ಅಳತೆ ಕೊಡದವನಿಗೆ ಅಂಗಿ ಸರಿಹೊಂದುವುದು ಹೇಗೆ?

ಅಂಗಿ ಇಂದಿಗೂ ಪೂರ್ಣವಾಗಿ ಹೊಂದಿಲ್ಲ. ಹಾಡುಗಾರ, ಆಲ್ಬಮ್ಮು, ಪ್ರಕಾರ ಎಂಬ ವಿಭಾಗಗಳು ಪಾಶ್ಚಾತ್ಯ ಸಂಗೀತದ ಅಂಗಡಿಗೆ ತಕ್ಕವು. ಗಂಗೂಬಾಯಿ ಹಾನಗಲ್ಲರ ಒಂದು ಖಯಾಲನ್ನು ಹುಡುಕುವವನು ರಾಗದ ಹೆಸರಿನಿಂದ ಹುಡುಕುತ್ತಾನೆ. ದಾಸರ ಪದವನ್ನು ಹುಡುಕುವವನಿಗೆ ರಚಿಸಿದವರು ಪುರಂದರದಾಸರೋ ಕನಕದಾಸರೋ ಎಂಬುದು ಮುಖ್ಯ, ಹಾಡಿದವರು ಅನಂತರ. ಯಕ್ಷಗಾನದ ಅಭಿಮಾನಿಗೆ ಪ್ರಸಂಗದ ಹೆಸರೂ ಭಾಗವತರ ಹೆಸರೂ ಬೇಕು. ಎಂಪಿಡಿಯಲ್ಲಿ ರಚನಕಾರನಿಗೆ ಒಂದು ವಿಭಾಗವಿದೆ, ರಾಗಕ್ಕೆ ಇಲ್ಲ. ಆದರೆ ‘ಸ್ಟಿಕ್ಕರ್’ ಎಂಬ ಸೌಕರ್ಯದಿಂದ ಯಾವ ಹಾಡಿಗಾದರೂ ನಮಗೆ ಬೇಕಾದ ವಿವರವನ್ನು ಚೀಟಿಯಂತೆ ಅಂಟಿಸಬಹುದು. ರಾಗ, ತಾಳ, ಪ್ರಸಂಗ ಎಂಬ ಚೀಟಿಗಳನ್ನು ಅಂಟಿಸಿ, ಅವುಗಳಿಂದ ಹುಡುಕುವ ರಿಮೋಟನ್ನು ನೀವು ಕಟ್ಟಿದರೆ ಅದು ನಿಜವಾಗಿಯೂ ನಮ್ಮ ಮನೆಯದಾಗುವುದು. ಒಂದೇ ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವ ಶಿಸ್ತೂ ಇಲ್ಲಿ ಅಗತ್ಯ. ‘ಭೀಮಸೇನ ಜೋಶಿ’, ‘ಭೀಮಸೇನ್ ಜೋಷಿ’ ಎಂದು ಒಂದೊಂದು ಕಡೆ ಒಂದೊಂದು ಬಗೆಯಾಗಿ ಬರೆದರೆ ಯಂತ್ರದ ದೃಷ್ಟಿಯಲ್ಲಿ ಅವರು ಇಬ್ಬರು ಗಾಯಕರಾಗಿಬಿಡುತ್ತಾರೆ. ಕಾಗುಣಿತದ ಬಗೆಗೆ ಗುರುಗಳು ಹೇಳಿದಾಗ ಬೇಸರಿಸುವವರು ಯಂತ್ರ ಹೇಳಿದಾಗಲಾದರೂ ಕೇಳಿಯಾರು!

ಈಗ ಆಕ್ಷೇಪಗಳನ್ನು ವಿಚಾರಿಸೋಣ. ‘ಸಿದ್ಧವಾದ ರಿಮೋಟುಗಳು ಧಾರಾಳವಾಗಿ ದೊರೆಯುವಾಗ ಈ ಶ್ರಮವೇಕೆ?’ ಎಂಬುದು ಒಂದು. ಸಿದ್ಧವಾದವು ಒಳ್ಳೆಯವೇ, ಅವನ್ನು ಬಳಸಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ಅವುಗಳಲ್ಲಿ ಅಜ್ಜಿಗೆ ಓದಲು ಬರುವ ಅಕ್ಷರವಿಲ್ಲ, ರಾಗದ ಹೆಸರಿಲ್ಲ, ರಾತ್ರಿ ಹತ್ತರ ಕಟ್ಟಳೆಯಿಲ್ಲ. ಹೋಟೆಲಿನ ಊಟ ಎಷ್ಟೇ ರುಚಿಯಾಗಿದ್ದರೂ ಮನೆಯಲ್ಲಿ ಒಲೆಯೇ ಬೇಡವೆನ್ನುವವರುಂಟೆ?

‘ಪರೀಕ್ಷೆಯ ಕಾಲದಲ್ಲಿ ಇದು ಕಾಲಹರಣ’ ಎಂಬುದು ಇನ್ನೊಂದು. ಪರೀಕ್ಷೆಯ ತಿಂಗಳಲ್ಲಿ ಖಂಡಿತ ಬೇಡ. ಆದರೆ ದೀಪಾವಳಿಯ ರಜೆಯ ಹತ್ತು ದಿನಗಳನ್ನು ಇದಕ್ಕೆ ಕೊಟ್ಟವನು ಅಂಕಗಣಿತ, ತರ್ಕ, ಭಾಷೆ, ಸಂಗೀತ ನಾಲ್ಕನ್ನೂ ಒಂದೇ ಮಣೆಯ ಮೇಲೆ ಕುಳಿತು ಕಲಿಯುತ್ತಾನೆ.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದುದು. ಬಾಯಿಬಿಟ್ಟು ಹೇಳದಿದ್ದರೂ ಹಲವರ ಮನಸ್ಸಿನಲ್ಲಿರುವುದು. ‘ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಯಂತ್ರವಿದ್ಯೆ ಹೇಗೆ ಬಂದೀತು? ಅದಕ್ಕೆ ಇಂಗ್ಲಿಷೇ ಬೇಕಲ್ಲ?’ ಪರನಾಡಿನ ನಗರದಲ್ಲಿ ಕನ್ನಡ ಶಾಲೆಗೆ ಮಗುವನ್ನು ಸೇರಿಸುವ ಪ್ರತಿಯೊಬ್ಬ ತಾಯಿತಂದೆಯೂ ಈ ಪ್ರಶ್ನೆಯನ್ನು ಎದುರಿಸಿಯೇ ಬಂದಿರುತ್ತಾರೆ. ಇದಕ್ಕೆ ಆವೇಶದ ಭಾಷಣದಿಂದ ಉತ್ತರ ಕೊಡಲಾಗದು. ಎಂಪಿಡಿಯ ಅಪ್ಪಣೆಗಳು ಇಂಗ್ಲಿಷಿನಲ್ಲಿವೆ, ಪೈಥಾನಿನ ಪದಗಳು ಇಂಗ್ಲಿಷಿನಲ್ಲಿವೆ; ಅವನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ದುಭಾಷಿಯಾಗಬಲ್ಲವನು ಯಾರು? ಒಂದೇ ಭಾಷೆ ಬಲ್ಲವನು ಆಗಲಾರನು. ಯಂತ್ರದ ಮಾತನ್ನೂ ಮನೆಯ ಮಾತನ್ನೂ ಸಮವಾಗಿ ಬಲ್ಲವನಿಂದಲೇ ಈ ಕಾರ್ಯ ಸಾಧ್ಯ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ರೈಲಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ದಿನವೂ ಮೂರುನಾಲ್ಕು ಭಾಷೆಗಳ ನಡುವೆ ಹಾದುಬರುವ ನಿಮಗೆ ಈ ಯೋಗ್ಯತೆ ಸಹಜವಾಗಿಯೇ ಬಂದಿದೆ. ನಿಮ್ಮ ಕನ್ನಡವು ನಿಮ್ಮ ದಾರಿಗೆ ಅಡ್ಡಬಂದ ಕಲ್ಲಲ್ಲ. ಇತರರ ಕೈಯಲ್ಲಿ ಇಲ್ಲದಿರುವ ಒಂದು ಹತ್ಯಾರು. ಇದನ್ನು ಮಾತಿನಿಂದ ಸಾಧಿಸಿ ತೋರಿಸುವುದು ಕಷ್ಟ. ಮಾಡಿ ತೋರಿಸುವುದು ಸುಲಭ.

ಆದುದರಿಂದ ನಮ್ಮ ಸೂಚನೆ ಇಷ್ಟು. ಬರುವ ವರ್ಷ ಮೇಲಿನ ತರಗತಿಗಳ ವಿದ್ಯಾರ್ಥಿಗಳು ನಾಲ್ಕೈದು ಜನರ ತಂಡಗಳಾಗಿ ಈ ಕಾರ್ಯವನ್ನು ಕೈಗೊಳ್ಳಲಿ. ಒಬ್ಬರು ದುಭಾಷಿಯ ತಂತ್ರಾಂಶವನ್ನು ಬರೆಯಲಿ. ಒಬ್ಬರು ಪುಟವನ್ನು ಚಿತ್ರಿಸಲಿ. ಒಬ್ಬರು ಗುಂಡಿಗಳ ಮಾತುಗಳನ್ನು ಕನ್ನಡದ ಗುರುಗಳೊಡನೆ ಚರ್ಚಿಸಿ ಗೊತ್ತುಮಾಡಲಿ. ಒಬ್ಬರು ಹಿರಿಯರನ್ನು ಕೇಳಿ ರಾಗ, ರಚನಕಾರರ ವಿವರಗಳನ್ನು ಸಂಗ್ರಹಿಸಲಿ. ಶಾಲೆಯ ವಾರ್ಷಿಕೋತ್ಸವದ ದಿನ ನಾಡಗೀತೆಯು ಆ ಯಂತ್ರದಿಂದಲೇ ಹೊಮ್ಮಲಿ. ಪರೀಕ್ಷಕರ ಸ್ಥಾನದಲ್ಲಿ ಗಣಕವಿದ್ಯೆಯ ಪಂಡಿತರನ್ನು ಕುಳ್ಳಿರಿಸಬೇಕಾಗಿಲ್ಲ. ಕನ್ನಡವೊಂದನ್ನೇ ಓದಬಲ್ಲ ಒಬ್ಬ ಅಜ್ಜಿಯನ್ನು ಕುಳ್ಳಿರಿಸಿರಿ. ಯಾರೂ ಹೇಳಿಕೊಡದೆ ಅವರು ತಮಗೆ ಬೇಕಾದ ಪದವನ್ನು ಹುಡುಕಿ, ನುಡಿಸಿ, ದನಿಯನ್ನು ಹದಕ್ಕೆ ತಂದುಕೊಂಡರೆ ನಿಮ್ಮ ಕೃತಿಗೆ ಮೊದಲನೆಯ ದರ್ಜೆ. ಅವರು ತಡವರಿಸಿದರೆ ದೋಷವು ಅಜ್ಜಿಯದಲ್ಲ, ಗುಂಡಿಯದು. ತಿದ್ದಬೇಕಾದುದು ನಿಮ್ಮ ಪುಟವನ್ನೇ.

ಬಳಸುವವರಾಗಿಯೇ ಉಳಿದವರು ಇತರರು ಕೊಟ್ಟ ಗುಂಡಿಯನ್ನು ಒತ್ತುತ್ತ ಬಾಳಬೇಕು. ಮಾಡುವವರ ಸಾಲಿಗೆ ಸೇರಿದವರು ತಮ್ಮ ಜನದ ಅಳತೆಯನ್ನು ಲೋಕಕ್ಕೆ ಕೊಡುತ್ತಾರೆ. ಮನೆಯ ಒಂದು ಮೂಲೆಯಲ್ಲಿರುವ ಸಂಗೀತದ ಪೆಟ್ಟಿಗೆ ಈ ಕಾರ್ಯಕ್ಕೆ ತೀರ ಚಿಕ್ಕ ಆರಂಭವೆಂದು ತೋರಬಹುದು. ಕೈಗೆ ಎಟಕುವಷ್ಟು ಚಿಕ್ಕದಾಗಿರುವುದೇ ಅದರ ಗುಣ. ಎಳೆಯ ಕೈಗಳು ಅಲ್ಲಿಂದಲೇ ತೊಡಗಲಿ.